ಸಣ್ಣಗಿರುವ ಹುಡುಗ-ಹುಡುಗಿಯರು ಮೈಕೈ ತುಂಬಿಕೊಳ್ಳುವ ಬಗೆ

"ಎಷ್ಟು ತಿಂದರೂ ಮೈಗೆ ಹತ್ತಲ್ಲ." ಸಣ್ಣಗಿರುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಸಾಮಾನ್ಯ. ಆದರೆ ಅಂಥ ಮಕ್ಕಳು ಮೂರು ದಿನ ತಿಂದದ್ದನ್ನೆಲ್ಲ ಒಂದೂ ಬಿಡದೆ ಬರೆದಿಟ್ಟರೆ ಹೆಚ್ಚಿನ ಸಲ ಬೇರೆಯೇ ಚಿತ್ರ ಕಾಣುತ್ತದೆ. ಬೆಳಗ್ಗೆ ಕಾಲೇಜು ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಒಂದೂವರೆ ದೋಸೆ, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ವಾಪಸ್, ಸಂಜೆ ಕಾಫಿಯ ಜೊತೆ ಎರಡು ಬಿಸ್ಕತ್ತು, ರಾತ್ರಿ ಮಾತ್ರ ತಟ್ಟೆ ತುಂಬ ಅನ್ನ-ಸಾರು. ಮನೆಯವರ ಕಣ್ಣಿಗೆ ಬೀಳುವುದು ರಾತ್ರಿಯ ಆ ತಟ್ಟೆ ಒಂದೇ. ಇಡೀ ದಿನದ ಲೆಕ್ಕದಲ್ಲಿ 400–500 ಕ್ಯಾಲೊರಿ ಕಡಿಮೆ ಬಿದ್ದಿರುತ್ತದೆ, ಅದು ತಿನ್ನುವವರಿಗೂ ಗೊತ್ತಾಗಿರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಬರೆಯುವುದು. ಎರಡು ಕಾಲೇಜಿನ ದಿನ, ಒಂದು ಭಾನುವಾರ. ಎಷ್ಟು ಇಡ್ಲಿ, ಎಷ್ಟು ಸೌಟು ಅನ್ನ, ಸಾರೋ ಹುಳಿಯೋ, ತುಪ್ಪ ಬಿತ್ತೋ ಇಲ್ಲವೋ, ಟೀ ಎಷ್ಟು ಸಲ, ಎರಡು ಊಟದ ನಡುವೆ ಎಷ್ಟು ಗಂಟೆ ಹೊಟ್ಟೆ ಖಾಲಿ ಇತ್ತು, ಇಷ್ಟು ಸಾಕು. ಯಾವ ಹೊತ್ತಿಗೆ ಕೈ ಹಾಕಬೇಕೆಂದು ಆ ಪಟ್ಟಿಯೇ ತೋರಿಸುತ್ತದೆ.

ಇದು ಮೈಕಟ್ಟೋ, ತೊಂದರೆಯೋ

ಹರೆಯದಲ್ಲಿ ಎತ್ತರ ಮೊದಲು ಓಡುತ್ತದೆ, ಮೈ ಆಮೇಲೆ ತುಂಬುತ್ತದೆ. ಹುಡುಗಿಯರು ಸುಮಾರು 12ರ ಆಸುಪಾಸಿನಲ್ಲಿ, ಹುಡುಗರು ಸುಮಾರು 14ರಲ್ಲಿ ಅತಿ ವೇಗವಾಗಿ ಉದ್ದವಾಗುತ್ತಾರೆ. ಹುಡುಗರಲ್ಲಿ ಸ್ನಾಯು ಕಟ್ಟುವುದು ಅದರ ಹಿಂದೆ, ನಿಧಾನವಾಗಿ. ಅಪ್ಪ ಅಥವಾ ಸೋದರಮಾವ ಇಪ್ಪತ್ತು ದಾಟುವವರೆಗೂ ಸಣ್ಣಗೇ ಇದ್ದರೆಂದರೆ ಮಗನೂ ಹಾಗಿರುವುದು ಸಹಜ.

ದೊಡ್ಡವರಿಗೆ ಹೇಳುವ 18.5 ಎಂಬ ಬಿಎಂಐ (ಕೆಜಿ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) ಗೆರೆಯನ್ನು ಈ ವಯಸ್ಸಿಗೆ ಹಚ್ಚಬೇಡಿ. ಇಲ್ಲಿ ವಯಸ್ಸಿನ ಪ್ರಕಾರ ಗೆರೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಂತೆ 14 ತುಂಬಿದ ಹುಡುಗನಿಗೆ 15.5, 16 ತುಂಬಿದವನಿಗೆ 16.5, 16ರ ಹುಡುಗಿಗೆ 16.2. ಇದಕ್ಕಿಂತ ಕೆಳಗಿದ್ದರೆ ಮಾತ್ರ ತೀರ ತೆಳು ಎಂಬ ಲೆಕ್ಕ. 168 ಸೆಂ.ಮೀ. ಎತ್ತರದ, 48 ಕೆಜಿ ತೂಕದ 16ರ ಹುಡುಗನನ್ನು ತೆಗೆದುಕೊಳ್ಳಿ: 48 ಭಾಗಿಸು 1.68, ಮತ್ತೆ ಭಾಗಿಸು 1.68, ಬರುವುದು 17. ಅವನು ತೆಳ್ಳಗಿದ್ದಾನೆ, ರೋಗಿಯಲ್ಲ. ಈ ಲೇಖನದ ಲೆಕ್ಕಗಳೆಲ್ಲ ಸುಮಾರು ಅವನಂಥವರಿಗೆ.

ಇನ್ನು ಕೆಲವು ಲಕ್ಷಣ ಕಂಡರೆ ಉಂಡೆ, ತುಪ್ಪ ಎಂದು ಕಾಲ ಕಳೆಯದೆ ವೈದ್ಯರ ಬಳಿ ಹೋಗಬೇಕು. ಇದ್ದ ತೂಕವೇ ಇಳಿಯುತ್ತಿರುವುದು ಎಲ್ಲಕ್ಕಿಂತ ಮುಖ್ಯ. ಬೆಳೆಯುವ ವಯಸ್ಸಿನಲ್ಲಿ ತೂಕ ಇಳಿಯುವುದು ಸಹಜವಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ವಿಪರೀತ ಬಾಯಾರಿಕೆ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು ಇದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು, ಏಕೆಂದರೆ ಮಕ್ಕಳ ಮಧುಮೇಹ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರಬಹುದು. ಎದೆ ಡವಗುಟ್ಟುವುದು, ಕೈ ನಡುಕ, ಸೆಕೆ ತಡೆಯಲಾಗದಿರುವುದು ಥೈರಾಯ್ಡ್ ಕಡೆ ಬೆರಳು ಮಾಡುತ್ತವೆ. ತಿಂಗಳುಗಟ್ಟಲೆ ಭೇದಿ, 15 ತುಂಬಿದರೂ ಮುಟ್ಟಾಗದಿರುವುದು, ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಲ್ಲುವುದು, 14 ತುಂಬಿದ ಹುಡುಗನಲ್ಲಿ ಹರೆಯದ ಗುರುತೇ ಇಲ್ಲದಿರುವುದು ಕೂಡ ಈ ಪಟ್ಟಿಗೆ ಸೇರುತ್ತವೆ. ದಪ್ಪ ಆಗಿಬಿಡುತ್ತೇನೆಂಬ ಹೆದರಿಕೆಯಿಂದ ಊಟ ಬಿಡುವುದು, ತಿಂದು ಕದ್ದು ವಾಂತಿ ಮಾಡುವುದು ಇದ್ದರೆ ಅದಕ್ಕೆ ಬೈಗುಳ ಬೇಡ, ಚಿಕಿತ್ಸೆ ಬೇಕು. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ಇಂಥ ವಿಷಯವನ್ನು ಸಂಕೋಚವಿಲ್ಲದೆ ಮಾತಾಡಬಹುದು.

ಎರಡು ಸಣ್ಣ ಕೆಲಸಗಳನ್ನು ಎಲ್ಲರೂ ಮಾಡಿಬಿಡಬಹುದು. ಒಂದು, ಜಂತುಹುಳದ ಮಾತ್ರೆ. ಶಾಲೆ-ಕಾಲೇಜುಗಳಲ್ಲಿ ಕೊಡುವ ಆಲ್ಬೆಂಡಜೋಲ್ 400 ಮಿ.ಗ್ರಾಂ. ಅನ್ನು ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಅಗಿದು ನುಂಗಿ. ಎರಡು, ಹಿಮೋಗ್ಲೋಬಿನ್ ಪರೀಕ್ಷೆ. ರಕ್ತ ಕಡಿಮೆಯಿದ್ದರೆ ಹಸಿವೂ ಕಡಿಮೆ, ಓಡಾಡುವ ಶಕ್ತಿಯೂ ಕಡಿಮೆ. ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ಮೊಟ್ಟೆ-ಮಾಂಸ ಮುಟ್ಟದ, ಹಾಲು-ಮೊಸರೂ ಅಷ್ಟಕ್ಕಷ್ಟೆ ಎನ್ನುವ ಮಕ್ಕಳಿಗೆ ವಿಟಮಿನ್ ಬಿ12 ಕೂಡ ನೋಡಿಸುವುದು ಒಳ್ಳೆಯದು.

ಎಷ್ಟು ಹೆಚ್ಚಿಗೆ ತಿನ್ನಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ 16–18ರ ಹುಡುಗನಿಗೆ ದಿನಕ್ಕೆ ಸುಮಾರು 3,320 ಕ್ಯಾಲೊರಿ, 55 ಗ್ರಾಂ ಪ್ರೋಟೀನ್. ಹುಡುಗಿಗೆ 2,500 ಕ್ಯಾಲೊರಿ, 46 ಗ್ರಾಂ ಪ್ರೋಟೀನ್. 13–15ರಲ್ಲಿ ಹುಡುಗನಿಗೆ 2,860, ಹುಡುಗಿಗೆ 2,400. ಇವು ಸರಿಯಾದ ತೂಕವಿದ್ದು ಸಾಧಾರಣ ಓಡಾಟವಿರುವವರ ಅಂಕಿಗಳು. 48 ಕೆಜಿಯವನು ನಾಳೆಯಿಂದಲೇ 3,320 ಮುಟ್ಟಲು ಹೊರಟರೆ ಮೂರನೇ ದಿನ ಹೊಟ್ಟೆ ಕೆಟ್ಟು ಬಿಟ್ಟುಬಿಡುತ್ತಾನೆ.

ಈಗ ತಿನ್ನುತ್ತಿರುವುದರ ಮೇಲೆ ದಿನಕ್ಕೆ 400–500 ಕ್ಯಾಲೊರಿ ಹೆಚ್ಚಿದರೆ ಸಾಕು. ಅದರಿಂದ ತಿಂಗಳಿಗೆ 1ರಿಂದ 1.5 ಕೆಜಿ ಏರಬಹುದು. ತಿಂಗಳಿಗೆ ನಾಲ್ಕೈದು ಕೆಜಿ ಏರಿಸಿಕೊಳ್ಳುವವರಲ್ಲಿ ಬಹುಪಾಲು ಸೊಂಟದ ಸುತ್ತ ಸೇರುವ ಕೊಬ್ಬು. ನಮ್ಮ ಜನರ ಮೈಗೆ ಇದು ವಿಶೇಷವಾಗಿ ಕೆಟ್ಟದ್ದು. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವ ಗುಣ ಭಾರತೀಯರಲ್ಲಿ ಹೆಚ್ಚೆಂದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆ ತೋರಿಸಿಕೊಟ್ಟಿದೆ. ಸಣ್ಣಗಿರುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಬೇಕರಿ ಪಫ್ಸ್, ಗೋಬಿ ಮಂಚೂರಿ, ಚಿಪ್ಸ್, ಕೋಲಾ ಸುರಿದು ತೂಕ ಏರಿಸಬೇಡಿ ಎನ್ನುವುದು ಅದಕ್ಕೇ.

ತಟ್ಟೆ ದೊಡ್ಡದಾಗುವುದು ಬೇಡ, ಗಟ್ಟಿಯಾಗಲಿ

ಸಣ್ಣಗಿರುವವರ ತೊಂದರೆ ಹೊಟ್ಟೆ ಬೇಗ ತುಂಬಿಬಿಡುವುದು. ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರೆ ಉಳಿಯುತ್ತದೆ, ಜಗಳವಾಗುತ್ತದೆ. ಅಷ್ಟೇ ಅಳತೆಯ ಊಟದಲ್ಲಿ ಹೆಚ್ಚು ಸತ್ವ ತುಂಬುವುದು ಸರಿಯಾದ ದಾರಿ.

ನಮ್ಮ ಊಟದಲ್ಲಿ ಹೊಟ್ಟೆಯ ಜಾಗ ಕಬಳಿಸುವುದು ನೀರು. 200 ಮಿ.ಲೀ. ತಿಳಿಸಾರಿನಲ್ಲಿ 30–40 ಕ್ಯಾಲೊರಿ ಇದ್ದರೆ ಹೆಚ್ಚು. ಅದೇ ಅಳತೆಯ ಗಟ್ಟಿ ತೊವ್ವೆಯಲ್ಲಿ, 40 ಗ್ರಾಂ ಬೇಳೆ, ಒಂದು ಟೀ ಚಮಚ ಎಣ್ಣೆಯ ಒಗ್ಗರಣೆ ಇದ್ದರೆ, ಸುಮಾರು 180 ಕ್ಯಾಲೊರಿ, 9 ಗ್ರಾಂ ಪ್ರೋಟೀನ್. ಆದ್ದರಿಂದ ಊಟದ ಕ್ರಮ ಬದಲಿಸಿ: ಮೊದಲು ತೊವ್ವೆ ಅಥವಾ ಹುಳಿ, ಕಾಳಿನ ಪಲ್ಯ, ಮೊಸರನ್ನ; ಸಾರು, ಮಜ್ಜಿಗೆ ಕೊನೆಗೆ, ಜಾಗವಿದ್ದರೆ. ಊಟಕ್ಕೆ ಅರ್ಧ ಗಂಟೆ ಮೊದಲಿನಿಂದ ಲೋಟಗಟ್ಟಲೆ ನೀರು ಕುಡಿಯಬೇಡಿ. ಉಳಿದ ಹೊತ್ತಿನಲ್ಲಿ ಚೆನ್ನಾಗಿ ಕುಡಿಯಿರಿ, ಇಲ್ಲವಾದರೆ ಮಲಬದ್ಧತೆಯಾಗಿ ಹಸಿವೇ ಸಾಯುತ್ತದೆ.

ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆ ಎಂದರೆ 45 ಕ್ಯಾಲೊರಿ. ಅನ್ನದಲ್ಲಿ ಒಂದು ಚಮಚ, ರಾತ್ರಿ ಚಪಾತಿ ಅಥವಾ ಮುದ್ದೆಗೆ ಒಂದು ಚಮಚ ಹಾಕಿದರೆ 90 ಆಯಿತು, ಹೊಟ್ಟೆಗೆ ಭಾರವೂ ಇಲ್ಲ. ಇದನ್ನು ನಾಲ್ಕಾರು ಚಮಚಕ್ಕೆ ಏರಿಸಬೇಡಿ. ಜಿಡ್ಡು ಹೆಚ್ಚಾದರೆ ಊಟ ನಿಧಾನವಾಗಿ ಜೀರ್ಣವಾಗಿ ಮುಂದಿನ ಹೊತ್ತಿನ ಹಸಿವು ಹೋಗುತ್ತದೆ. ಜೊತೆಗೆ ತುಪ್ಪದಿಂದ ಸ್ನಾಯು ಕಟ್ಟುವುದಿಲ್ಲ, ಅದಕ್ಕೆ ಪ್ರೋಟೀನ್ ಬೇಕು.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ಊಟದಿಂದ ಎಲ್ಲರೂ ಕಲಿಯುವುದಿದೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೇಲೆ ಮೊಸರು ಅಥವಾ ಎಣ್ಣೆ. ಎರಡು ಊಟದ ಚಮಚ ಶೇಂಗಾ ಹಿಂಡಿಗೆ ಒಂದು ಚಮಚ ತುಪ್ಪ ಕಲಸಿಕೊಂಡರೆ ಸುಮಾರು 125 ಕ್ಯಾಲೊರಿ ಸೇರುತ್ತದೆ, ದೋಸೆ-ಇಡ್ಲಿಯ ಜೊತೆಗೂ ಹೊಂದುತ್ತದೆ. ಬೆಳಗ್ಗೆ ಮೂರು ಇಡ್ಲಿಯ ಮೇಲೆ ನಾಲ್ಕನೆಯದು ಹೋಗದವರಿಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಹಳೇ ಮೈಸೂರಿನ ಕಡೆಯವರಿಗೆ ಹುರಿಗಡಲೆ-ಕೊಬ್ಬರಿ ಚಟ್ನಿಪುಡಿ ಇದೇ ಕೆಲಸ ಮಾಡುತ್ತದೆ. ಕಾಳಿನ ಕಾಲದಲ್ಲಿ ಅವರೆಕಾಳು, ಉಳಿದ ಹೊತ್ತಿನಲ್ಲಿ ಹೆಸರು, ಅಲಸಂದೆ, ಕಡಲೆ ಉಸಲಿ ದಿನಕ್ಕೊಂದು ಬಟ್ಟಲು ತಟ್ಟೆಯಲ್ಲಿರಲಿ. ಮೊಟ್ಟೆ ತಿನ್ನುವವರಿಗೆ ಒಂದೊಂದಕ್ಕೂ 70 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ದಿನಕ್ಕೆರಡು ಧಾರಾಳವಾಗಿ ತಿನ್ನಬಹುದು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಕೊಡುವ ಮೊಟ್ಟೆಯನ್ನೂ ಕ್ಷೀರಭಾಗ್ಯದ ಹಾಲನ್ನೂ ನಾಚಿಕೆಯಿಂದ ಬಿಡುವ ಮಕ್ಕಳಿದ್ದಾರೆ. ದಯವಿಟ್ಟು ಬಿಡಬೇಡಿ.

ಐದು ಹೊತ್ತು

ಮೂರು ಊಟದ ನಡುವೆ ಎರಡು ತಿಂಡಿ ಸೇರಿಸಿ: ಬೆಳಗ್ಗೆ 11ರ ಬಿಡುವಿನಲ್ಲಿ ಒಂದು, ಸಂಜೆ ಮನೆಗೆ ಬಂದ ಕೂಡಲೇ ಒಂದು. ಊಟಕ್ಕೆ ಕನಿಷ್ಠ ಎರಡು ಗಂಟೆ ಅಂತರವಿರಲಿ.

ಹನ್ನೊಂದರ ತಿಂಡಿ ಜೇಬಿನಲ್ಲಿ ಹಿಡಿಸುವಂಥದ್ದಾಗಿರಬೇಕು, ಕೈ ಜಿಗುಟಾಗಬಾರದು, ಒಂದೇ ನಿಮಿಷದಲ್ಲಿ ಮುಗಿಯಬೇಕು. ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜದಲ್ಲಿ ಸುಮಾರು 165 ಕ್ಯಾಲೊರಿ, 7 ಗ್ರಾಂ ಪ್ರೋಟೀನ್. ಜೊತೆಗೊಂದು ಏಲಕ್ಕಿ ಬಾಳೆಹಣ್ಣು ತಿಂದರೆ ಇನ್ನೊಂದು 50. ಪಚ್ಚಬಾಳೆಯಾದರೆ 100. ಬೀಜ ಬೇಸರವಾದ ದಿನ ಶೇಂಗಾ ಉಂಡೆ.

ಸಂಜೆಯ ಹೊತ್ತು ಇಡೀ ಯೋಜನೆಯ ಬೆನ್ನೆಲುಬು. ನಾಲ್ಕೂವರೆ-ಐದಕ್ಕೆ ಬಂದವರಿಗೆ ನಿಜವಾದ ಹಸಿವಿರುತ್ತದೆ. ಅದನ್ನು ಕಾಫಿ-ಬಿಸ್ಕತ್ತಿಗೆ ಒಪ್ಪಿಸಿಬಿಡುತ್ತೇವೆ. ಅದರ ಬದಲು ಹುರಿಹಿಟ್ಟು ಕಲಸಿಕೊಳ್ಳಿ. ಅರಳಿಸಿ ಬೀಸಿದ ರಾಗಿಯ ಹಿಟ್ಟಾದ್ದರಿಂದ ಬೇಯಿಸುವುದು ಬೇಡ. ಮೂರು ಊಟದ ಚಮಚ ಹುರಿಹಿಟ್ಟನ್ನು (30 ಗ್ರಾಂ) ಮೊದಲು ಎರಡು ಚಮಚ ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ತಿಕ್ಕಿ, ಆಮೇಲೆ ಉಳಿದ 200 ಮಿ.ಲೀ. ಬೆಚ್ಚಗಿನ ಹಾಲು, 10 ಗ್ರಾಂ ಪುಡಿಬೆಲ್ಲ, ಚಿಟಿಕೆ ಏಲಕ್ಕಿ. ಕುದಿಯುವ ಹಾಲಿಗೆ ನೇರವಾಗಿ ಹಿಟ್ಟು ಸುರಿದರೆ ಹೊರಗೆ ಬೆಂದು ಒಳಗೆ ಒಣಗಿದ ಗಂಟುಗಳಾಗುತ್ತವೆ, ಒಮ್ಮೆ ಬಾಯಿಗೆ ಸಿಕ್ಕರೆ ಮಕ್ಕಳು ಮತ್ತೆ ಮುಟ್ಟುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಜಿಡ್ಡು 6% ಎಂದಿರುವ ಕೆನೆಭರಿತ ಹಾಲಾದರೆ ಈ ಲೋಟದಲ್ಲಿ ಸುಮಾರು 320 ಕ್ಯಾಲೊರಿ. 3%ರ ಟೋನ್ಡ್ ಹಾಲಾದರೆ 265. ಎರಡರಲ್ಲೂ ದಿನಕ್ಕೆ ಬೇಕಾದ ಸುಣ್ಣದ ಅಂಶದ ಮೂರನೇ ಒಂದು ಭಾಗ ಸಿಗುತ್ತದೆ.

ಇದನ್ನು ತೆಳ್ಳನೆ ರಾಗಿ ಮಾಲ್ಟ್ ಎಂದುಕೊಳ್ಳಬೇಡಿ. ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು ಕದಡಿ ಕಾಯಿಸಿದ ಮಾಲ್ಟಿನಲ್ಲಿ 35 ಕ್ಯಾಲೊರಿ ಇದ್ದರೆ ಅದೇ ದೊಡ್ಡದು. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುವವರು ಅದೇ ಹುರಿಹಿಟ್ಟನ್ನು ಗಟ್ಟಿ ಮೊಸರು, ಬೆಲ್ಲದ ಜೊತೆ ಕಲಸಿ ತಿನ್ನಬಹುದು. ಮಾವಿನ ಕಾಲದಲ್ಲಿ ಸೀಕರಣೆ, ಉಳಿದ ಕಾಲದಲ್ಲಿ ಬಾಳೆಹಣ್ಣಿನ ರಸಾಯನಕ್ಕೆ ಕಾಯಿಹಾಲು ಹಾಕಿದ್ದು ಕೂಡ ಒಳ್ಳೆಯ ಬದಲಿ.

ಟೀ, ಕಾಫಿ ದಿನಕ್ಕೊಂದು ಸಾಕು, ಅದೂ ಊಟದಿಂದ ಒಂದು ಗಂಟೆ ದೂರದಲ್ಲಿ. ಅವು ಹಸಿವನ್ನು ಕುಂದಿಸುತ್ತವೆ, ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಸೇರುವುದನ್ನೂ ತಡೆಯುತ್ತವೆ. ಅದೇ ಕಬ್ಬಿಣ ಚೆನ್ನಾಗಿ ಸೇರಬೇಕೆಂದರೆ ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇರಲಿ.

ಇಷ್ಟನ್ನೂ ಒಂದೇ ದಿನ ಶುರು ಮಾಡಬೇಡಿ. ಮೊದಲ ನಾಲ್ಕು ದಿನ ಸಂಜೆಯ ಲೋಟ ಮಾತ್ರ. ಮುಂದಿನ ನಾಲ್ಕು ದಿನ ಹನ್ನೊಂದರ ಬೀಜ ಸೇರಿಸಿ. ಆಮೇಲೆ ತುಪ್ಪ, ಹಿಂಡಿ. ಕಾಳು, ಬೀಜ ಏಕಾಏಕಿ ಹೆಚ್ಚಾದರೆ ವಾಯು, ಹೊಟ್ಟೆನೋವು ಬಂದು "ನನಗಿದು ಆಗಿಬರಲ್ಲ" ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಎರಡು ವಾರ ಕೊಟ್ಟರೆ ಕರುಳು ಹೊಂದಿಕೊಳ್ಳುತ್ತದೆ. ಕಡಲೆಕಾಯಿ ತಿಂದಾಗ ತುಟಿ ಊದುವುದು, ದದ್ದು, ಉಸಿರು ಕಟ್ಟುವುದು ಆಗುವವರಿಗೆ ಈ ಮಾತು ಸಲ್ಲದು, ಅದು ಅಲರ್ಜಿ. ಅವರು ಕಡಲೆಕಾಯಿಯನ್ನು ಪೂರ್ತಿ ಬಿಟ್ಟು ಹುರಿಗಡಲೆಗೆ ಹೋಗಬೇಕು.

ಹದಿನೇಳು ಉಂಡೆಯ ಲೆಕ್ಕ

ಬೇಕಾದದ್ದು: ಕಡಲೆಕಾಯಿ ಬೀಜ 250 ಗ್ರಾಂ, ಪುಡಿಬೆಲ್ಲ 175 ಗ್ರಾಂ, ಎಳ್ಳು 50 ಗ್ರಾಂ, ಒಣಕೊಬ್ಬರಿ ತುರಿ 50 ಗ್ರಾಂ, ಏಲಕ್ಕಿ ನಾಲ್ಕು.

ಬೀಜವನ್ನು ಮೊದಲು ಆರಿಸಿ. ಕಪ್ಪಗಾದದ್ದು, ಸುಕ್ಕಾದದ್ದು, ಬೂಸ್ಟು ಹಿಡಿದದ್ದು ಒಂದೂ ಉಳಿಯಬಾರದು. ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ, ಲಿವರಿಗೆ ಕೆಟ್ಟದ್ದು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 8–10 ನಿಮಿಷ, ಸಿಪ್ಪೆ ಬಿರಿದು ಘಮ ಬರುವವರೆಗೆ ಹುರಿಯಿರಿ. ಉರಿ ಜೋರಾದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಕೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿ. ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿಯಿರಿ, ಕೊಬ್ಬರಿಯನ್ನು ಬಿಸಿ ಬಾಣಲೆಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ.

ಮಿಕ್ಸಿಯಲ್ಲಿ ಬೀಜವನ್ನು ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸುತ್ತಾ ತರಿತರಿಯಾಗಿ ಒಡೆಯಿರಿ. ಬಿಸಿಯಿರುವಾಗ ರುಬ್ಬಿದರೆ ಅಥವಾ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಇನ್ನೆರಡು ಸಲ ತಿರುಗಿಸಿ. ತಟ್ಟೆಗೆ ಸುರಿದು ಎಳ್ಳು, ಕೊಬ್ಬರಿ ಕಲಸಿ, ನಿಂಬೆಹಣ್ಣಿನ ಗಾತ್ರಕ್ಕೆ ಬಿಗಿಯಾಗಿ ಒತ್ತಿ ಕಟ್ಟಿ. ಉದುರಿದರೆ ಒಂದು ಚಮಚ ಬಿಸಿ ತುಪ್ಪ ಸಾಕು. ನೀರು, ಹಾಲು ತಾಗಿಸಬೇಡಿ, ಎರಡೇ ದಿನದಲ್ಲಿ ಬೂಸ್ಟು ಬರುತ್ತದೆ. 30 ಗ್ರಾಮಿನ 17 ಉಂಡೆಯಾಗುತ್ತದೆ, ಒಂದಕ್ಕೆ ಸುಮಾರು 150 ಕ್ಯಾಲೊರಿ, 4 ಗ್ರಾಂ ಪ್ರೋಟೀನ್. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಕಮಟು ವಾಸನೆ ಬಂದರೆ ಎಸೆಯಿರಿ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು.

ಹಾಸ್ಟೆಲಿನಲ್ಲಿರುವವರಿಗೆ

ಮೆಸ್ಸಿನ ಸಾಂಬಾರು ತೆಳ್ಳಗಿದ್ದರೆ ಪಾತ್ರೆಯ ತಳದಿಂದ ಬೇಳೆ ಬರುವಂತೆ ಸೌಟು ಆಡಿಸಿ ಬಡಿಸಿಕೊಳ್ಳಿ, ಕೇಳಲು ಸಂಕೋಚ ಬೇಡ. ಟ್ರಂಕಿನಲ್ಲಿ ನಾಲ್ಕು ಡಬ್ಬಿ ಇರಲಿ: ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಮನೆಯಿಂದ ತಂದ ಹಿಂಡಿ ಅಥವಾ ಚಟ್ನಿಪುಡಿ, ಹಾಲಿನ ಪುಡಿ. ಎರಡು ಊಟದ ಚಮಚ ಕೆನೆಸಹಿತ ಹಾಲಿನ ಪುಡಿಯನ್ನು ಮೆಸ್ಸಿನ ತೆಳು ಹಾಲಿಗೆ ಬೆರೆಸಿದರೆ 75 ಕ್ಯಾಲೊರಿ, 4 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ. ಹುರಿಗಡಲೆ 30 ಗ್ರಾಮಿಗೆ 110 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಬಾಳೆಹಣ್ಣು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಲೆಯಿಲ್ಲದೆ, ಫ್ರಿಜ್ಜಿಲ್ಲದೆ ದಿನಕ್ಕೆ 400 ಕ್ಯಾಲೊರಿ ಸೇರಿಸಲು ಇಷ್ಟು ಸಾಕು.

ತಿಂದದ್ದು ಎಲ್ಲಿಗೆ ಹೋಗಬೇಕು

ಮೈಗೆ ಕೆಲಸ ಕೊಡದೆ ತಿಂದರೆ ಹೆಚ್ಚುವರಿ ಕ್ಯಾಲೊರಿ ಕೊಬ್ಬಾಗುತ್ತದೆ. ಸ್ನಾಯು ಕಟ್ಟಲು ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಅರ್ಧ ಗಂಟೆ ಸಾಕು. ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂಬುದು ನಿಜವಲ್ಲ; ಸರಿಯಾದ ಭಂಗಿಯಲ್ಲಿ, ಶಕ್ತಿಗೆ ತಕ್ಕ ಭಾರ ಎತ್ತಿದರೆ ಮೂಳೆ ಗಟ್ಟಿಯಾಗುತ್ತದೆ. ಹುಡುಗಿಯರೂ ಇದನ್ನೇ ಮಾಡಬೇಕು.

ಗರಡಿ ಮನೆಯ ದಂಡ ಮತ್ತು ಬಸ್ಕಿ ಇವತ್ತಿಗೂ ಒಳ್ಳೆಯ ಆರಂಭ. ಬಸ್ಕಿಯಲ್ಲಿ ಹಿಮ್ಮಡಿ ನೆಲಕ್ಕೆ ಊರಿ, ಕುರ್ಚಿಯಲ್ಲಿ ಕೂರುವವರಂತೆ ಸೊಂಟ ಹಿಂದಕ್ಕೆ ತಳ್ಳಿ ಇಳಿಯಿರಿ, ಮಂಡಿ ಒಳಕ್ಕೆ ಬಾಗದಿರಲಿ. 12ರಂತೆ 3 ಸುತ್ತು. ದಂಡ ನೆಲದ ಮೇಲೆ ಐದೂ ಆಗದಿದ್ದರೆ ಅಡುಗೆಕಟ್ಟೆಗೆ ಕೈ ಊರಿ ಓರೆಯಾಗಿ ನಿಂತು ಮಾಡಿ, 12 ಸಲೀಸಾದ ಮೇಲೆ ಕುರ್ಚಿಗೆ, ಆಮೇಲೆ ನೆಲಕ್ಕೆ ಬನ್ನಿ. ಬೆನ್ನಿಗಾಗಿ ಪುಸ್ತಕ ತುಂಬಿದ 5–6 ಕೆಜಿಯ ಬ್ಯಾಗು ಸಾಕು: ಒಂದು ಕೈಯನ್ನು ಕುರ್ಚಿಗೆ ಊರಿ, ಬೆನ್ನು ನೇರವಾಗಿಟ್ಟು ಬಾಗಿ, ಇನ್ನೊಂದು ಕೈಯಿಂದ ಬ್ಯಾಗನ್ನು ಸೊಂಟದವರೆಗೆ ಎಳೆದು ನಿಧಾನವಾಗಿ ಇಳಿಸಿ, ಕೈಗೆ 10ರಂತೆ 3 ಸುತ್ತು. ಕೊನೆಗೆ ಸೇತುಬಂಧಾಸನ 12 ಸಲ, ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್ 20–30 ಸೆಕೆಂಡು. ಸುತ್ತಿನ ನಡುವೆ ಒಂದೂವರೆ ನಿಮಿಷ ವಿರಾಮ.

ಎಷ್ಟು ಮಾಡಿದಿರೆಂದು ಬರೆದಿಡಿ. ಮೂರೂ ಸುತ್ತಿನಲ್ಲಿ ಹೇಳಿದ ಸಂಖ್ಯೆ ಸಲೀಸಾದ ವಾರ ಬ್ಯಾಗಿಗೆ ಒಂದು ಲೀಟರಿನ ನೀರಿನ ಬಾಟಲಿ, ಅಂದರೆ ಒಂದು ಕೆಜಿ, ಸೇರಿಸಿ. ತಿಂಗಳುಗಟ್ಟಲೆ ಅದೇ ಇಪ್ಪತ್ತು ದಂಡ ತೆಗೆಯುತ್ತಿದ್ದರೆ ಮೈಗೆ ಬೆಳೆಯುವ ಕಾರಣವಿಲ್ಲ. ದಿನಾ ಎರಡು ಗಂಟೆ ಫುಟ್‌ಬಾಲ್, ಕಬಡ್ಡಿ ಆಡುವವರು ಆಟ ಬಿಡುವುದು ಬೇಡ. ಆಟದ ದಿನ ಇನ್ನೂ 200–300 ಕ್ಯಾಲೊರಿ ಹೆಚ್ಚು ತಿನ್ನಲಿ.

ನಿದ್ದೆ 8ರಿಂದ 10 ಗಂಟೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ರಾತ್ರಿ ಒಂದರವರೆಗೆ ಫೋನು ನೋಡಿ ಆರಕ್ಕೆ ಎದ್ದವರಿಗೆ ಬೆಳಗ್ಗೆ ಹಸಿವೂ ಇರುವುದಿಲ್ಲ, ತಿಂಡಿ ತಪ್ಪುವುದು ಅಲ್ಲಿಂದಲೇ.

ತೂಕ ನೋಡುವುದು, ತಿದ್ದಿಕೊಳ್ಳುವುದು

ವಾರಕ್ಕೊಮ್ಮೆ, ಪ್ರತಿ ಸಲ ವಾರದ ಅದೇ ದಿನ, ಬೆಳಗ್ಗೆ ಶೌಚವಾದ ಮೇಲೆ, ತಿಂಡಿಗೆ ಮೊದಲು, ಅದೇ ಯಂತ್ರದ ಮೇಲೆ. ದಿನಾ ನೋಡಿದರೆ ನೀರಿನ ಏರಿಳಿತ ಕಂಡು ತಲೆ ಕೆಡುತ್ತದೆ. ತಿಂಗಳಿಗೊಮ್ಮೆ ಟೇಪು ಹಿಡಿದು ತೋಳಿನ ನಡುಭಾಗ, ತೊಡೆ, ಹೊಕ್ಕಳ ಸುತ್ತಳತೆ ಬರೆದಿಡಿ. ಮೂರು ವಾರವಾದರೂ ಮುಳ್ಳು ಅಲ್ಲಾಡದಿದ್ದರೆ ಇನ್ನೊಂದು ಉಂಡೆ ಅಥವಾ ರಾತ್ರಿ ಒಂದು ಲೋಟ ಹಾಲು ಸೇರಿಸಿ, 150 ಕ್ಯಾಲೊರಿಯಷ್ಟು. ತೋಳಿಗಿಂತ ಹೊಟ್ಟೆ ಬೇಗ ಬೆಳೆಯುತ್ತಿದ್ದರೆ ಸಿಹಿ, ತುಪ್ಪ ಇಳಿಸಿ, ಕಾಳು-ಮೊಟ್ಟೆ ಹಾಗೂ ವ್ಯಾಯಾಮ ಏರಿಸಿ. ಮೂರು ತಿಂಗಳು ಸರಿಯಾಗಿ ತಿಂದು, ಬರೆದಿಟ್ಟು, ಆದರೂ ಒಂದು ಕೆಜಿಯೂ ಏರದಿದ್ದರೆ ಆ ಪುಸ್ತಕ ಹಿಡಿದು ವೈದ್ಯರ ಬಳಿ ಹೋಗಿ. ಅವರಿಗೆ ಅದಕ್ಕಿಂತ ಉಪಯುಕ್ತವಾದ ಮಾಹಿತಿ ಬೇರೆ ಸಿಗದು.

ಮನೆಯ ಹಿರಿಯರಿಗೆ ಒಂದು ಕೋರಿಕೆ. "ನಿಮ್ಮಮ್ಮ ಊಟ ಹಾಕಲ್ವಾ", "ಕಡ್ಡಿ ಪೈಲ್ವಾನ್" ಎನ್ನುವವರನ್ನು ಮಗುವಿನ ಎದುರಿಗೇ ತಡೆಯಿರಿ. ಅಂಥ ಮಾತು ಕೇಳಿದವರೇ ಮುಂದೆ ಅಂಗಡಿಯ ಮಾತ್ರೆ ಹುಡುಕಿಕೊಂಡು ಹೋಗುವುದು. ತಟ್ಟೆ ಮುಂದೆ ಕಾವಲು ಕೂರುವುದರಿಂದಲೂ ಹಸಿವು ಹೆಚ್ಚುವುದಿಲ್ಲ. ಡಬ್ಬಿ ತುಂಬಿ ಕೈಗೆ ಸಿಗುವಂತೆ ಇಟ್ಟರೆ ಹೆಚ್ಚು ತಿನ್ನುತ್ತಾರೆ.

ಮುಟ್ಟಬಾರದ್ದು

ಚೀಟಿಯಿಲ್ಲದೆ ಮಾರುವ "ದಪ್ಪ ಆಗೋ ಮಾತ್ರೆ"ಗಳಲ್ಲಿ, ಹೆಸರಿಲ್ಲದ ಪುಡಿಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಇರಬಹುದು. ಎರಡೇ ವಾರದಲ್ಲಿ ಕೆನ್ನೆ ತುಂಬಿದಂತೆ ಕಾಣುತ್ತದೆ, ಜನ ಹೊಗಳುತ್ತಾರೆ. ಅದು ನೀರು ಮತ್ತು ಕೊಬ್ಬು. ಒಳಗೆ ಸ್ನಾಯು ಕರಗುತ್ತಿರುತ್ತದೆ, ಮೂಳೆ ಟೊಳ್ಳಾಗುತ್ತಿರುತ್ತದೆ, ಎತ್ತರ ನಿಲ್ಲುತ್ತದೆ, ಸಕ್ಕರೆ ಏರುತ್ತದೆ. ಈಗಾಗಲೇ ವಾರಗಟ್ಟಲೆ ನುಂಗಿರುವವರು ಹೆದರಿ ಒಮ್ಮೆಲೇ ನಿಲ್ಲಿಸಬಾರದು. ಮೈ ತನ್ನ ಹಾರ್ಮೋನು ತಯಾರಿಸುವುದನ್ನು ಮರೆತಿರುತ್ತದೆ, ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಅದೇ ದಿನ ಮಾತ್ರೆಯ ಸಮೇತ ವೈದ್ಯರ ಬಳಿ ಹೋಗಿ, ಅವರು ಹಂತಹಂತವಾಗಿ ಇಳಿಸುತ್ತಾರೆ. ಹಸಿವಿಗೆಂದು ಕೊಡುವ ಸಿಪ್ರೋಹೆಪ್ಟಡಿನ್ ಕೂಡ ವೈದ್ಯರು ಬರೆದಾಗ ಮಾತ್ರ. ಅದು ತೂಕಡಿಕೆ ತರುತ್ತದೆ, ಬಿಟ್ಟ ಮೇಲೆ ಹಸಿವು ಹಿಂದಿನಂತೆಯೇ ಆಗುತ್ತದೆ. ಜಿಮ್ಮಿನಲ್ಲಿ ಮಾರುವ ಮಾಸ್ ಗೇನರ್ ಡಬ್ಬಿಗಳಲ್ಲಿ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟ. ಸ್ನಾಯುವಿನ ಶಕ್ತಿಗೆಂದು ಮಾರುವ ಕ್ರಿಯಾಟಿನ್ ಪುಡಿ 18ರೊಳಗಿನವರಿಗೆ ಬೇಡ.

ಜ್ವರ ಬಂದಾಗ, ಪರೀಕ್ಷೆಯ ಕಾಲದಲ್ಲಿ

ಎರಡು ತಿಂಗಳು ಕಷ್ಟಪಟ್ಟು ಏರಿಸಿದ ಎರಡು ಕೆಜಿ ನಾಲ್ಕು ದಿನದ ಜ್ವರದಲ್ಲಿ ಹೋಗಬಹುದು. ಸಣ್ಣಗಿರುವವರು ಕೈಚೆಲ್ಲುವುದು ಇಲ್ಲೇ. ಜ್ವರದ ದಿನಗಳಲ್ಲಿ ಬರೀ ತಿಳಿಗಂಜಿ ಬೇಡ. 40 ಗ್ರಾಂ ಅಕ್ಕಿ, 20 ಗ್ರಾಂ ಹೆಸರುಬೇಳೆಯನ್ನು ಆರು ಪಟ್ಟು ನೀರಿನಲ್ಲಿ ನಾಲ್ಕು ಕೂಗು ಕೂಗಿಸಿ, ಉಪ್ಪು, ಜೀರಿಗೆ, ಒಂದು ಚಮಚ ತುಪ್ಪ ಹಾಕಿ. ಒಂದು ಸಲಕ್ಕೆ ಸುಮಾರು 255 ಕ್ಯಾಲೊರಿ, ನುಂಗಲು ಸುಲಭ. ಜ್ವರ ಬಿಟ್ಟ ಮೇಲೆ ಹಸಿವು ತಾನಾಗಿ ಕೆರಳುತ್ತದೆ. ಆ ಎರಡು ವಾರ ಮನೆಯಲ್ಲಿ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ, ಸಂಜೆಯ ಲೋಟವನ್ನು ರಾತ್ರಿಗೂ ಒಂದು ಮಾಡಿ. ವ್ಯಾಯಾಮವನ್ನು ಮಾತ್ರ ಅರ್ಧದಿಂದ ಶುರು ಮಾಡಿ. ಪರೀಕ್ಷೆಯ ತಿಂಗಳಲ್ಲಿ ಸಮಯವಿಲ್ಲವೆಂದರೆ ದಂಡ-ಬಸ್ಕಿಯನ್ನು ವಾರಕ್ಕೆ ಒಂದೇ ದಿನಕ್ಕೆ ಇಳಿಸಿದರೂ ಕಟ್ಟಿದ ಸ್ನಾಯು ಉಳಿಯುತ್ತದೆ, ಆದರೆ ಹನ್ನೊಂದರ ಹಿಡಿ ಬೀಜವನ್ನೂ ಸಂಜೆಯ ಹುರಿಹಿಟ್ಟನ್ನೂ ಬಿಡಬೇಡಿ. ಜ್ವರ ಬಿಟ್ಟು ಎರಡು ವಾರವಾದರೂ ಹಸಿವು ಮರಳದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ಮತ್ತೊಮ್ಮೆ ವೈದ್ಯರಿಗೆ ತೋರಿಸಿ.